ಗೋಡೆಯ ಮೇಲಿನ ಕುದುರೆ

ಮೊನ್ನೆ ನಿನ್ನವ್ವ ಫೋನ್ ಮಾಡಿ ಅರ್ಧ ಗಂಟೆ ಬೈದಳು ಅಳಿಯ. ನಿನ್ನನ್ನಲ್ಲ, ನನ್ನನ್ನು. ನಾಲೆ ಬದಿಯ ಜಮೀನು ಕೊಟ್ಟು ಬಂದ ದುಡ್ಡಿನಲ್ಲಿ ನೀನು ಮೈಸೂರಿನ ಮೂವರು ಸ್ನೇಹಿತರ ಜೊತೆ ಸೇರಿ ರೇಸ್ ಕುದುರೆ ಕೊಳ್ಳಲು ಹೊರಟಿದ್ದೀಯಂತೆ. “ಬ್ಯಾಸಗೆ ರಜಕ್ಕೆ ಬಿಳಿಗೆರೆಗೆ ಕಳಿಸಿದ್ದೇ ತಪ್ಪಾಯ್ತು ಕಣಣ್ಣ, ನಿನ್ ಮನೆ ಗೋಡೆ ಮೇಲಿರೋ ಆ ಫೋಟೋ ನೋಡಿ ನೋಡಿ ಹಿಂಗಾದ” ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ನೀನು ಏಳೆಂಟು ವರ್ಷದವನಿದ್ದಾಗ ಆ ಫೋಟೋದ ಕೆಳಗೆ ಸ್ಟೂಲು ಹಾಕಿಕೊಂಡು ನಿಂತು “ಮಾವ, ಇದು ನಿಂದೇ ಕುದುರೆನಾ?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ನಾನು ಮೀಸೆ ತಿರುವಿ “ಇನ್ಯಾರದ್ದು?” ಎನ್ನುತ್ತಿದ್ದೆ. ಆ ಉತ್ತರದ ಸಾಲ ಈಗ ತೀರಿಸಬೇಕಾಗಿದೆ.

ಫೋಟೋದಲ್ಲಿ ಏನಿದೆ? ಕೋಟು ಹಾಕಿದ ನಾನು. ನನ್ನ ಕೈಯಲ್ಲಿ ಲಗಾಮಿನ ಪಟ್ಟಿ. ಮೈಯೆಲ್ಲ ಬೆವರಿ ಹೊಳೆಯುವ ಕಂದು ಬಣ್ಣದ ಹೆಣ್ಣುಕುದುರೆ, ಮೇಲೆ ಜಾಕಿ, ಹಿಂದೆ ಚಾಮುಂಡಿ ಬೆಟ್ಟ. ಗೆದ್ದ ಕುದುರೆಯನ್ನು ಮಾಲೀಕನೇ ಹಿಡಿದು ಒಳಗೆ ಕರೆತರುವುದು ರೇಸಿನ ಮರ್ಯಾದೆ. ಆ ಕೋಟು ನನ್ನದಲ್ಲ, ನಮ್ಮ ಬ್ರಾಂಚ್ ಮ್ಯಾನೇಜರದು. ತೋಳು ಗಿಡ್ಡ, ಅದಕ್ಕೇ ಕೈ ಮಡಚಿಕೊಂಡಿದ್ದೇನೆ. ಇನ್ನೊಂದನ್ನು ನೀನು ಗಮನಿಸಿರಲಾರೆ. ಬಲಗಡೆ ಅಂಚಿನಲ್ಲಿ, ಕಟ್ಟು ಹಾಕಿಸುವಾಗ ಕತ್ತರಿಸಿ ಹೋದ ಜಾಗದಲ್ಲಿ, ಒಂದು ಕೈ ಕಾಣುತ್ತದೆ. ಅದು ಕುದುರೆ ನೋಡಿಕೊಳ್ಳುವ ಸೈಸಿನ ಕೈ. ಕುದುರೆಯನ್ನು ನಿಜವಾಗಿ ಹಿಡಿದಿದ್ದವನು ಅವನು. ನನ್ನ ಕೈಯಲ್ಲಿದ್ದದ್ದು ಸಡಿಲ ಪಟ್ಟಿ. ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರಲ್ಲ, ನನಗೆ ಆವತ್ತು ಕಾಲು ನಡುಗುತ್ತಿತ್ತು.

ಆಸೆ ತಪ್ಪು ಎಂದು ನಾನು ಹೇಳುತ್ತಿಲ್ಲ. ನನಗೂ ಅದು ಹಿಡಿದದ್ದು ಹಾಗೇ. ಆಗ ಮೈಸೂರಿನಲ್ಲಿ ನೌಕರಿ, ಬಾಡಿಗೆ ಮನೆ. ಜೊತೆಯ ಒಬ್ಬ ಗೆಳೆಯ ಒಂದು ದಿನ ಬೆಳಗಿನ ಜಾವ ಎಬ್ಬಿಸಿಕೊಂಡು ರೇಸ್ ಕೋರ್ಸಿಗೆ ಕರೆದುಕೊಂಡು ಹೋದ. ಬೆಟ್ಟದ ಮೇಲೆ ಇನ್ನೂ ದೀಪ, ಕೆಳಗೆ ಮಂಜು. ಮೊದಲು ಏನೂ ಕಾಣಲಿಲ್ಲ, ಬರೀ ಸದ್ದು. ನಗಾರಿ ಬಾರಿಸಿದ ಹಾಗಲ್ಲ, ದೂರದಲ್ಲಿ ಯಾರೋ ಕಣದಲ್ಲಿ ಬಡಿಗೆಯಿಂದ ಹುರುಳಿ ಬಡಿಯುವ ಹಾಗೆ. ಆಮೇಲೆ ಮಂಜು ಹರಿದು ಮೂರು ಕುದುರೆ ಒಟ್ಟಿಗೆ ಬಂದವು; ಮೂಗಿನಿಂದ ಹಬೆ, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ. ಕಣ್ಣು ಮಿಟುಕಿಸುವುದರೊಳಗೆ ದಾಟಿ ಹೋದವು. ನಾನೂರೈವತ್ತು, ಐನೂರು ಕೆ.ಜಿ. ತೂಗುವ ಪ್ರಾಣಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ನಿನ್ನ ಮುಂದೆ ಹಾದು ಹೋದರೆ ಎದೆಯೊಳಗೆ ಏನೋ ಸರಿದಂತಾಗುತ್ತದೆ. ಮೈಸೂರು ರೇಸ್ ಕ್ಲಬ್ಬು 1891ರಲ್ಲಿ ಹುಟ್ಟಿದ್ದು. ನೂರು ವರ್ಷಕ್ಕೂ ಹಿಂದಿನಿಂದ ಅದೇ ಸದ್ದು ಎಷ್ಟು ಮನೆಯ ಗಂಡಸರನ್ನು ಕರೆದಿದೆಯೋ. ಇವತ್ತಿಗೂ ಅಷ್ಟು ಚೆಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ನೋಡುವುದಕ್ಕೆ ಪಾಲು ಬೇಕಿರಲಿಲ್ಲ ಅಳಿಯ. ಅಷ್ಟು ಬುದ್ಧಿ ಬರಲು ನನಗೆ ಮೂರು ವರ್ಷ ಹಿಡಿಯಿತು.

ನಾಲ್ಕು ಜನ ಸೇರಿ ಕೊಂಡೆವು. ಕ್ಲಬ್ಬಿನ ದಾಖಲೆಯಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು, ನಿನ್ನತ್ತೆಗೆ ಬಾಯಿ ತಿರುಗದೆ ಕೆಂಚಿ ಎಂದಳು, ನನಗೂ ಅದೇ ಉಳಿಯಿತು. ಕೊಂಡ ದಿನ ಎಲ್ಲರಿಗೂ ನಂಜನಗೂಡಿನಲ್ಲಿ ಊಟ. ಕುದುರೆಯ ಬೆಲೆ ಕೊಟ್ಟಾಯಿತು, ಇನ್ನೇನು ಗೆಲ್ಲುವುದೊಂದೇ ಬಾಕಿ ಎಂದುಕೊಂಡಿದ್ದೆವು. ಬೆಲೆ ಎನ್ನುವುದು ಜಾತ್ರೆಯ ಸುಂಕದ ಹಾಗೆ, ಒಳಗೆ ಹೋಗುವುದಕ್ಕೆ ಮಾತ್ರ.

ಬಾಯಿಗೆ ಮಾತ್ರ ಎಷ್ಟು ಬೇಕು ನೋಡು. ಕುದುರೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣ ಆಹಾರ ದಿನಕ್ಕೆ ತಿನ್ನುತ್ತದೆ. ಅಂದರೆ ಒಂಬತ್ತು ಹತ್ತು ಕೆ.ಜಿ. ನಮ್ಮ ಕಡೆ ಹೊಲದಲ್ಲಿ ಬೆಳೆಯುವ ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರು ಇಟ್ಟಿದ್ದಾರೆ ನಿಜ, ನಾನೂ ಅದನ್ನೇ ನಂಬಿ ಊರಿಂದ ಎರಡು ಮೂಟೆ ಹುರುಳಿ ಹೊತ್ತುಕೊಂಡು ಹೋದೆ. ಲಾಯದವರು ನಕ್ಕರು. ಅದಕ್ಕೆ ಓಟ್ಸ್ ಬೇಕು, ಬೂಸಾ ಬೇಕು, ಒಣಹುಲ್ಲು, ಕುದುರೆ ಮೆಂತೆ ಸೊಪ್ಪು, ಖನಿಜದ ಪುಡಿ, ಎಣ್ಣೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ ಹೊಸದು ಕಟ್ಟಬೇಕು. ಓಡುವ ದಿನಕ್ಕೆ ಹಗುರವಾದ ಅಲ್ಯೂಮಿನಿಯಂ ಲಾಳ ಬೇರೆ. ಸೈಸಿನ ಸಂಬಳ, ಬೆಳಿಗ್ಗೆ ಓಡಿಸುವ ಹುಡುಗನಿಗೆ, ಡಾಕ್ಟರಿಗೆ, ಬೆಂಗಳೂರಿಗೆ ಹೋಗಿಬರುವ ಲಾರಿಗೆ, ರೇಸಿಗೆ ಹೆಸರು ಕೊಟ್ಟರೆ ಅದಕ್ಕೆ. ಇವೆಲ್ಲ ಸೇರಿ ತಿಂಗಳ ಮೊದಲ ವಾರದಲ್ಲಿ ಒಂದು ಬಿಲ್ಲು ಬರುತ್ತಿತ್ತು. ನನ್ನ ಕಾಲು ಪಾಲಿಗೇ ಸಂಬಳದ ಮೂರರಲ್ಲಿ ಒಂದು ಭಾಗ ಹೋಗುತ್ತಿತ್ತು. ಮನೆಯಲ್ಲಿ ಬಿಲ್ಲನ್ನು ಹಳೆ ಪಂಚಾಂಗದೊಳಗೆ ಅಡಗಿಸಿಡುತ್ತಿದ್ದೆ. ಯುಗಾದಿಗೆ ನಿನ್ನತ್ತೆ ಹೊಸ ಪಂಚಾಂಗ ತಂದು ಹಳೆಯದನ್ನು ಕೊಡವಿದಳು. ಮುಂದಿನದು ನಿನಗೆ ಬೇಡ.

ಇದರಲ್ಲಿ ಕಷ್ಟ ಮೊತ್ತದ್ದಲ್ಲ, ಲಯದ್ದು. ಸಾವಿರದ ಇನ್ನೂರು ಮೀಟರಿನ ಓಟಕ್ಕೆ ಹಿಡಿಯುವುದು ಸುಮಾರು ಒಂದು ನಿಮಿಷ ಹನ್ನೆರಡು ಸೆಕೆಂಡು. ವರ್ಷಕ್ಕೆ ಏಳೆಂಟು ಸಲ ಓಡಿದರೆ ಒಟ್ಟು ಹತ್ತು ನಿಮಿಷವೂ ಆಗುವುದಿಲ್ಲ. ಆ ಹತ್ತು ನಿಮಿಷಕ್ಕೆ ಮುನ್ನೂರ ಅರವತ್ತೈದು ದಿನ ಮೇವು ಹಾಕುತ್ತೀಯ. ಸುಗ್ಗಿ ಹೋದರೂ ಎತ್ತು ಗಾಡಿ ಎಳೆಯುತ್ತದೆ, ಗೊಬ್ಬರ ಕೊಡುತ್ತದೆ. ಕೆಂಚಿ ಗೊಬ್ಬರ ಕೊಟ್ಟಳು ಅನ್ನು, ಆದರೆ ಅದನ್ನೂ ನನಗೆ ಯಾರೂ ಕೊಡಲಿಲ್ಲ.

ಚಿಕ್ಕ ಮರಿಯನ್ನು ಕಡಿಮೆಗೆ ಕೊಂಡು ಬೆಳೆಸೋಣ ಎಂದು ನಿನ್ನ ಸ್ನೇಹಿತರು ಹೇಳುತ್ತಾರೆ, ಬರೆದಿಟ್ಟುಕೋ. ರೇಸಿಗೆ ಓಡುವುದು ಥರೋಬ್ರೆಡ್ ಎಂಬ ತಳಿ ಮಾತ್ರ. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿಗೆ ಹೋದ ಮೂರು ಗಂಡುಕುದುರೆಗಳವರೆಗೆ ಅದರ ವಂಶವನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ನನಗೆ ನನ್ನ ಮುತ್ತಾತನ ಅಪ್ಪನ ಹೆಸರು ಗೊತ್ತಿಲ್ಲ. ನಿಮ್ಮವ್ವನ ಹಸುವಿಗೆ ಪಶು ಆಸ್ಪತ್ರೆಯವರು ಬಂದು ಸೂಜಿ ಹಾಕಿದ ಹಾಗೆ ಇಲ್ಲಿ ನಡೆಯದು, ಕೃತಕ ಗರ್ಭಧಾರಣೆಯ ಮರಿಯನ್ನು ಆ ಪುಸ್ತಕಕ್ಕೆ ಸೇರಿಸುವುದೇ ಇಲ್ಲ. ತಾಯನ್ನೇ ಗಂಡಿನ ಹತ್ತಿರ ಕರೆದೊಯ್ಯಬೇಕು, ಹನ್ನೊಂದು ತಿಂಗಳು ಕಾಯಬೇಕು. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ಲಿನ ಫಾರಮ್ಮಾಗಲಿ, ಪುಣೆಯ ಕಡೆಯವರಾಗಲಿ, ಆ ಖರ್ಚನ್ನೆಲ್ಲ ಮರಿಯ ಬೆಲೆಯಲ್ಲಿ ಸೇರಿಸಿಯೇ ಮಾರುವುದು. ತಂದ ಮರಿ ಓಡುವ ಹೊತ್ತಿಗೆ ಎರಡು ವರ್ಷ ತುಂಬಿರಬೇಕು. ಎಲ್ಲ ಕುದುರೆಗೂ ವಯಸ್ಸು ಏರುವುದು ಜನವರಿ 1ಕ್ಕೆ, ಏಪ್ರಿಲ್‌ನಲ್ಲಿ ಹುಟ್ಟಿದ್ದಕ್ಕೂ ಅದೇ ದಿನ. ಅಲ್ಲಿಯತನಕ ಅದು ನಿನ್ನ ಮನೆಯ ಮದುವೆಯಾಗದ ಮಗಳಿಗಿಂತ ಹೆಚ್ಚು ಚಿಂತೆ ಕೊಡುತ್ತದೆ. (ಈ ಮಾತನ್ನು ನಿನ್ನತ್ತೆಗೆ ಹೇಳಬೇಡ.)

ಇನ್ನು ಕಾಲು. ಎತ್ತಿನ ಕಾಲು ನೋಡಿ ಬೆಳೆದ ನಮಗೆ ಕುದುರೆಯ ಕಾಲು ಅರ್ಥವಾಗುವುದಿಲ್ಲ. ಅದರ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ಮೂಳೆ, ನರದಂಥ ಸ್ನಾಯುರಜ್ಜು, ಮೇಲೆ ಚರ್ಮ. ಅಷ್ಟರ ಮೇಲೆ ಅಷ್ಟು ಭಾರ, ಅಷ್ಟು ವೇಗ. ಒಂದು ಸಂಜೆ ಕಾಲು ಬಿಸಿಯಾಗಿದೆ ಎಂದರು. ಬಿಸಿ ಎಂದರೆ ಮೂರು ತಿಂಗಳ ವಿಶ್ರಾಂತಿ ಎಂದು ಆಮೇಲೆ ತಿಳಿಯಿತು. ವಿಶ್ರಾಂತಿಗೂ ಬಿಲ್ಲು ಅಷ್ಟೇ, ಐಸು ಮತ್ತು ಬ್ಯಾಂಡೇಜು ಹೆಚ್ಚುವರಿ. ಅದು ಮಾಯ್ದ ಮೇಲೆ ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಗೊತ್ತಾ? ತಿಂದದ್ದು ಒಳಗೇ ಕೆಟ್ಟರೆ, ಕರುಳು ತಿರುಚಿಕೊಂಡರೆ, ಒಂದು ರಾತ್ರಿಯಲ್ಲಿ ಪ್ರಾಣ ಹೋಗಬಹುದು. ಆ ರಾತ್ರಿ ಸೈಸು ಅದನ್ನು ಬೆಳಗಾಗುವವರೆಗೂ ನಡೆಸಿದ. ನಾನು ಮನೆಯಲ್ಲಿ ಫೋನಿನ ಪಕ್ಕ ಕೂತಿದ್ದೆ. ಮಾಲೀಕ ನಾನು, ನಡೆದವನು ಅವನು.

ಮಾಲೀಕನಿಗೆ ಬೇಜಾರಾಗುವುದು ಸೋತಾಗಲ್ಲ, ಇಂಥ ಹೊತ್ತಿನಲ್ಲಿ. ಕುದುರೆ ಯಾವ ದಿನ ಓಡಬೇಕು, ಯಾವ ದೂರಕ್ಕೆ, ಯಾವ ಜಾಕಿ, ಎಲ್ಲ ಟ್ರೇನರ್ ನಿರ್ಧಾರ. ಕೇಳಿದರೆ “ಇನ್ನೂ ರೆಡಿ ಇಲ್ಲ ಸಾರ್” ಎನ್ನುತ್ತಾರೆ. ತಪ್ಪೇನಿಲ್ಲ, ಅವರಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ. ರೇಸು ಬರೀ ಅದೃಷ್ಟದ ಜೂಜಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿದೆ. ಕೌಶಲ ಕುದುರೆಯದು, ಜಾಕಿಯದು, ಟ್ರೇನರದು. ಮಾಲೀಕನ ಕೌಶಲ ಚೆಕ್ಕಿನ ಮೇಲೆ ಸಹಿ ಒಂದೇ ಥರ ಬರುವುದು. ರಜಾ ಹಾಕಿ, ಒಗೆದ ಅಂಗಿ ಹಾಕಿಕೊಂಡು ಹೋದ ದಿನ ಕುದುರೆಯನ್ನು ಓಟದಿಂದ ವಾಪಸು ತೆಗೆದಿದ್ದಾರೆ ಎಂದು ಗೇಟಿನಲ್ಲಿ ತಿಳಿದದ್ದೂ ಉಂಟು. ಮೈ ಸವರೋಣವೆಂದು ಲಾಯಕ್ಕೆ ಹೋದರೆ “ಈಗ ಮಲಗೋ ಹೊತ್ತು ಸಾರ್, ಸಂಜೆ ಬನ್ನಿ.” ಬೆಲ್ಲದ ಅಚ್ಚು ಒಯ್ದಿದ್ದೆ, ಅದನ್ನೂ ಕೊಡಬೇಡಿ ಎಂದರು. ಓಟದ ನಂತರ ರಕ್ತ, ಮೂತ್ರ ಪರೀಕ್ಷೆ ಇರುತ್ತದೆ, ಏನೇನೋ ತಿನ್ನಿಸುವಂತಿಲ್ಲ. ನಮ್ಮ ಹಸುವಿಗೆ ನಾವು ಬೆಲ್ಲ ಕೊಡಬಾರದು ಎಂದು ಯಾರಾದರೂ ಹೇಳಿದ್ದು ಕೇಳಿದ್ದೀಯ?

ಊರಿನ ಕಾಟ ಬೇರೆ. ಕುದುರೆ ಇಟ್ಟವನಿಗೆ ಒಳಗಿನ ಗುಟ್ಟೆಲ್ಲ ಗೊತ್ತಿರುತ್ತದೆ ಎಂದು ಜನರ ನಂಬಿಕೆ. ನಾನು ಊರಿಗೆ ಬಂದು ಬಸ್ಸು ಇಳಿದರೆ ಟೀ ಅಂಗಡಿಯಿಂದಲೇ “ಇವತ್ ಯಾವ್ದು ಸಾ?” ಎಂದು ಕೂಗು. ಗೊತ್ತಿಲ್ಲ ಎಂದರೆ ಜಂಬ ಅನ್ನುತ್ತಾರೆ. ಒಂದು ಸಲ ಬಾಯಿ ತಪ್ಪಿ “ನಮ್ದು ಈ ಸಲ ಚೆನ್ನಾಗಿದೆ” ಅಂದೆ. ನಾಲ್ಕು ಜನ ಕುದುರೆ ಬಾಲಕ್ಕೆ ದುಡ್ಡು ಕಟ್ಟಿದರು, ಕೆಂಚಿ ಕೊನೆಯಿಂದ ಎರಡನೆಯವಳಾಗಿ ಬಂದಳು. ಅವರಲ್ಲೊಬ್ಬ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಮುಂದೆ ಯಾರಿಗೂ ಏನೂ ಹೇಳದೆ ಇದ್ದಾಗ ಅವಳು ಗೆದ್ದಳು, ಆ ಫೋಟೋದ ದಿನ. ಆಗ ಊರಲ್ಲಿ ಹಬ್ಬಿದ್ದು ಏನು? “ನಮಗೆ ಹೇಳ್ದೆ ತಾನೊಬ್ನೇ ಹೊಡ್ಕಂಡ.” ನಾನು ಆವತ್ತು ಒಂದು ರೂಪಾಯಿಯೂ ಕಟ್ಟಿರಲಿಲ್ಲ. ದೇವರಾಣೆಗೂ ಯಾರೂ ನಂಬಲಿಲ್ಲ, ನಂಜುಂಡೇಶ್ವರನೂ ನಂಬಿರಲಾರ.

ಗೆದ್ದ ಹಣ ಏನಾಯಿತು? ಟ್ರೇನರಿಗೆ ಪಾಲು, ಜಾಕಿಗೆ ಪಾಲು, ಸೈಸಿಗೆ ಖುಷಿಗೆ, ಲಾಯದ ಹುಡುಗರಿಗೆ ಬಿರಿಯಾನಿ, ಆಫೀಸಿಗೆ ಮೈಸೂರುಪಾಕು, ನಾಲ್ಕು ಮನೆಗೆ ಸೀರೆ. ಆ ತಿಂಗಳ ಬಿಲ್ಲನ್ನು ಕೈಯಿಂದಲೇ ಕಟ್ಟಿದೆವು. ಗೆದ್ದ ಕುದುರೆಗೆ ಇನ್ನೊಂದು ಬಹುಮಾನ ಕಾದಿರುತ್ತದೆ: ಭಾರ. ಎಲ್ಲ ಕುದುರೆಗೂ ಸಮಾನ ಅವಕಾಶ ಇರಲೆಂದು, ಚೆನ್ನಾಗಿ ಓಡಿದ್ದರ ಮೇಲೆ ಮುಂದಿನ ಸಲ ಹೆಚ್ಚು ತೂಕ ಹೊರಿಸುತ್ತಾರೆ. ಹ್ಯಾಂಡಿಕ್ಯಾಪ್ ಅನ್ನುತ್ತಾರೆ. ಕೆಂಚಿ ಆಮೇಲೆ ಎಂಟು ಸಲ ಓಡಿದಳು. ಒಂದು ಸಲ ಮೂರನೆಯ ಸ್ಥಾನ.

ಇದು ಹಳೆಯ ಕಥೆ, ಈಗ ಕಾಲ ಬದಲಾಗಿದೆ ಅನ್ನಬೇಡ. ಬದಲಾಗಿರುವುದು ಇನ್ನೂ ಕಠಿಣವಾಗಿ. ಬಹುಮಾನದ ಹಣ ಎಲ್ಲಿಂದ ಬರುತ್ತದೆ? ಜನ ಕಟ್ಟುವ ಬಾಜಿಯಿಂದ ಕ್ಲಬ್ಬಿಗೆ ಬರುವ ಆದಾಯದಿಂದ ತಾನೆ? 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28ರಂತೆ ಜಿಎಸ್‌ಟಿ ಎಂದು ಗಟ್ಟಿ ಮಾಡಿದರು, 2025ರ ಸೆಪ್ಟೆಂಬರ್ 22ರಿಂದ ಅದೇ 40 ಆಯಿತು. ತೆರಿಗೆ ಹೆಚ್ಚಿದಷ್ಟೂ ಕಟ್ಟುವವನು ಕೋರ್ಸಿನ ಕೌಂಟರು ಬಿಟ್ಟು ಗಲ್ಲಿಯ ಬುಕ್ಕಿಯ ಕಡೆ ಹೋಗುತ್ತಾನೆ, ಅಲ್ಲಿಂದ ಕ್ಲಬ್ಬಿಗೆ ಕಾಸೂ ಬರದು. ಸರ್ಕಾರದ ಮನಸ್ಸು ಇನ್ನೊಂದು. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಪರವಾನಗಿ ಸಿಗದೆ ರೇಸು ನಿಂತು ವಿಷಯ ಹೈಕೋರ್ಟಿಗೆ ಹೋಯಿತು. 2020ರಲ್ಲಿ ಕೊರೊನಾ ಬಂದಾಗಲೂ ನಿಂತಿತ್ತು. ರೇಸು ನಿಂತರೆ ಬಹುಮಾನ ನಿಲ್ಲುತ್ತದೆ. ಕುದುರೆ ತಿನ್ನುವುದು ನಿಲ್ಲುವುದಿಲ್ಲ. ನಷ್ಟವನ್ನು ಆದಾಯ ತೆರಿಗೆಯಲ್ಲಿ ತೋರಿಸಿ ಉಳಿಸಿಕೊಳ್ಳುತ್ತೇನೆ ಎಂದು ನೀನು ಅವ್ವನಿಗೆ ಹೇಳಿದೆಯಂತೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನು ಹೇಳುತ್ತೇನೆ ಕೇಳು: ರೇಸ್ ಕುದುರೆ ಸಾಕಿದ ನಷ್ಟವನ್ನು ನಿನ್ನ ಅಂಗಡಿಯ ಲಾಭದಲ್ಲೋ ಬಾಡಿಗೆಯಲ್ಲೋ ಕಳೆಯಲು 1961ರ ಕಾಯ್ದೆ ಬಿಟ್ಟಿರಲಿಲ್ಲ. ರೇಸ್ ಕುದುರೆಯ ಆದಾಯದಲ್ಲೇ ಕಳೆಯಬೇಕು, ಮುಂದಕ್ಕೆ ಒಯ್ದರೂ ನಾಲ್ಕು ವರ್ಷ ಮಾತ್ರ. ಕಾಯ್ದೆ ಬರೆದವರಿಗೆ ನಮ್ಮಂಥವರ ಪರಿಚಯ ಚೆನ್ನಾಗಿಯೇ ಇತ್ತು.

ಕೊನೆಯದನ್ನು ನಾನು ಯಾರಿಗೂ ಹೇಳಿಲ್ಲ. ಎಂಟನೆಯ ತಿಂಗಳಲ್ಲೇ ಪಾಲುದಾರರಲ್ಲೊಬ್ಬ ಕೈ ಎತ್ತಿದ್ದ, ಅವನ ಪಾಲನ್ನು ನಾವು ಮೂವರೂ ಹೊತ್ತೆವು. ಮೂರನೆಯ ವರ್ಷ ಕಾಲು ಮತ್ತೆ ಬಿಸಿ. ಈ ಸಲ ವಾಸಿಯಾಗುವುದಿಲ್ಲ ಎಂದರು. ಅವಳಿಗೆ ಐದು ವರ್ಷ. ಕುದುರೆ ಬದುಕುವುದು ಇಪ್ಪತ್ತೈದು, ಒಮ್ಮೊಮ್ಮೆ ಮೂವತ್ತು ವರ್ಷ. ಓಡುವ ಕುದುರೆಯ ಲೆಕ್ಕ ಮಾಡಿದ್ದೆವು, ಓಡದ ಕುದುರೆಯ ಇಪ್ಪತ್ತು ವರ್ಷದ ಲೆಕ್ಕ ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ಒಳ್ಳೆಯ ವಂಶದವಾದರೆ ಮರಿ ಹಾಕಿಸಲು ಫಾರಮ್ಮಿನವರು ಕೊಳ್ಳುತ್ತಾರೆ. ಕೆಂಚಿಯ ವಂಶ ಅಂಥದ್ದಲ್ಲ. ಹಿಂದೆ ಪುಣೆಯ ಪೂನಾವಾಲಾ ಮನೆತನದವರು ರೇಸಿನಿಂದ ನಿವೃತ್ತಿಯಾದ ಕುದುರೆಗಳನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರಂತೆ, ಅವುಗಳ ರಕ್ತದಿಂದ ಸೀರಮ್ ಮಾಡಲು. ಅದನ್ನು ನೋಡಿಯೇ ಸೈರಸ್ ಪೂನಾವಾಲಾ 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದು. ನರಸೀಪುರದ ಆಸ್ಪತ್ರೆಯಲ್ಲಿ ಹಾವು ಕಚ್ಚಿದವನಿಗೆ ಕೊಡುವ ಔಷಧಿಯೂ ಕುದುರೆಯ ರಕ್ತದಿಂದಲೇ ಬರುವುದು. ಕುದುರೆಯಿಂದ ದೊಡ್ಡ ಶ್ರೀಮಂತರಾದವರೆಂದು ನನಗೆ ಗೊತ್ತಿರುವವರು ಅವರೊಬ್ಬರೇ, ಅದೂ ಓಟದಿಂದಲ್ಲ.

ನಮ್ಮ ಕುದುರೆಯನ್ನು ಒಬ್ಬರು ಸವಾರಿ ಕಲಿಸಲು ಬೇಕೆಂದು ಬಂದು ಹಿಡಿದುಕೊಂಡು ಹೋದರು. ದುಡ್ಡು ಕೇಳಲಿಲ್ಲ ನಾವು, ಅವರು ಕೊಡಲೂ ಇಲ್ಲ. ಲಾರಿಗೆ ಹತ್ತಿಸುವಾಗ ಅವಳು ಹಟ ಮಾಡಿದಳು. ಸೈಸು ಏನೋ ಉರ್ದುವಿನಲ್ಲಿ ಕಿವಿಯಲ್ಲಿ ಹೇಳಿದ, ಹತ್ತಿದಳು. ನಾನು ಜೇಬಿನಲ್ಲಿ ಆ ಬೆಲ್ಲದ ಅಚ್ಚು ಇಟ್ಟುಕೊಂಡು ಹೋಗಿದ್ದೆ. ಇನ್ನು ಪರೀಕ್ಷೆಯ ಭಯವಿಲ್ಲವಲ್ಲ ಎಂದು ಅಂಗೈಯಲ್ಲಿ ಹಿಡಿದೆ. ಮೂಸಿ ಮುಖ ತಿರುಗಿಸಿದಳು. ಮೂರು ವರ್ಷದಲ್ಲಿ ಅವಳು ನನ್ನನ್ನು ನೋಡಿದ್ದು ಎಷ್ಟು ಸಲ, ಗುರುತು ಹೇಗೆ ಸಿಗಬೇಕು? ವರ್ಷ ಕಳೆದ ಮೇಲೆ ವಿಚಾರಿಸಿದರೆ ಆ ಸವಾರಿ ಶಾಲೆಯೇ ಇರಲಿಲ್ಲ. ಎಲ್ಲಿಗೆ ಹೋದಳೋ.

ನಿನಗೆ ಪ್ರಾಣಿಯ ಮೇಲೆ ಆಸೆ ಇದ್ದರೆ, ಮುಂದಿನ ಸುತ್ತೂರು ಜಾತ್ರೆಗೋ ಮುಡುಕುತೊರೆಯ ದನದ ಜಾತ್ರೆಗೋ ಬಾ. ಒಂದು ಜೊತೆ ಹಳ್ಳಿಕಾರ್ ನೋಡೋಣ. ಅದೂ ಲಕ್ಷಗಟ್ಟಲೆ, ಅದರಲ್ಲೂ ದುಡ್ಡು ಮಾಡಿದವರು ಕಮ್ಮಿ. ಎತ್ತಿನ ಗಾಡಿ ಓಟಕ್ಕೂ ಕೋರ್ಟಿನ ಅಡ್ಡಿ 2023ರ ಮೇ ತಿಂಗಳಲ್ಲಿ ತೀರಿತು, ಓಡಿಸುವ ಚಪಲವಿದ್ದರೆ ಓಡಿಸು. ಆದರೆ ನಿನ್ನ ಕೈಯಾರೆ ಮೇವು ಹಾಕುತ್ತೀಯ, ಕೊಂಬಿಗೆ ಎಣ್ಣೆ ಸವರುತ್ತೀಯ, ಅಂಗಳಕ್ಕೆ ನೀನು ಕಾಲಿಟ್ಟರೆ ಅವು ತಲೆ ಎತ್ತುತ್ತವೆ. ಬೆಲ್ಲಕ್ಕೆ ಯಾರ ಅಪ್ಪಣೆಯೂ ಬೇಡ.

ಇಲ್ಲ ಮಾವ, ಕುದುರೆಯೇ ಬೇಕು ಅನ್ನುವುದಾದರೆ, ಕೊಳ್ಳುವ ಹಣದ ಜೊತೆಗೆ ಎರಡು ವರ್ಷದ ಮೇವಿನ ಹಣವನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟ ಮೇಲೆ ಸಹಿ ಹಾಕು. ಅದೂ ಹೋಯಿತೆಂದು ತಿಳಿದೇ ಇಡು. ನಾಲ್ವರ ಹೆಸರೂ ಕ್ಲಬ್ಬಿನ ದಾಖಲೆಯಲ್ಲಿ ಬರಲಿ, ಬಾಯಿಮಾತಿನ ಪಾಲು ಬೇಡ. ಒಬ್ಬ ಕೈ ಎತ್ತಿದರೆ ಏನು ಮಾಡುವುದೆಂದು ಈಗಲೇ, ಇನ್ನೂ ಒಟ್ಟಿಗೆ ಕೂತು ಊಟ ಮಾಡುತ್ತಿರುವಾಗಲೇ ಬರೆಯಿರಿ. ಓಟ ಮುಗಿದ ಮೇಲೆ ಕುದುರೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ಅದೇ ಕಾಗದದಲ್ಲಿ ಬರೆಸು. ಆ ಸಾಲು ಬರೆಯಲು ಒಪ್ಪದವರ ಜೊತೆ ಕುದುರೆ ಕೊಳ್ಳಬೇಡ. ತೋಟದ ಮೇಲೆ ಸಾಲ ಎತ್ತಬೇಡ. ಕಟ್ಟುವ ಕೌಂಟರಿನ ಕಡೆ ಮಾಲೀಕನಾದ ಮೇಲೆ ತಲೆ ಹಾಕಲೂ ಬೇಡ, ಎರಡೂ ಚಟ ಒಂದೇ ಮನೆಗೆ ಬಂದರೆ ತಡೆಯುವವರಿಲ್ಲ.

ಭಾನುವಾರ ಆ ಕರಾರಿನ ಕಾಗದ ತಗೊಂಡು ಬಾ, ಸಾಲು ಸಾಲಾಗಿ ಓದೋಣ. ಶನಿವಾರ ರಾತ್ರಿಯೇ ಮೈಸೂರಿನಲ್ಲಿ ಉಳಿದರೆ ಇನ್ನೂ ಒಳ್ಳೆಯದು. ಬೆಳಗಿನ ಜಾವ ನಾನೂ ಮೊದಲ ಬಸ್ಸಿಗೆ ಬರುತ್ತೇನೆ, ಬೇಲಿಯ ಹೊರಗೆ ನಿಂತು ಸದ್ದು ಕೇಳಿಸಿಕೊಂಡು ಒಟ್ಟಿಗೇ ಊರಿಗೆ ಬರೋಣ. ನಿನ್ನತ್ತೆ ಹುರುಳಿಕಟ್ಟಿನ ಸಾರು ಮಾಡುತ್ತಾಳಂತೆ. ಆವತ್ತು ಲಾಯದವರು ಬೇಡವೆಂದ ಆ ಎರಡು ಮೂಟೆಯನ್ನು ವಾಪಸು ತಂದು, ಇಡೀ ವರ್ಷ ನಾವೇ ತಿಂದೆವು. ಅವಳಿಗೆ ಕೈ ಹದ ಬಂದದ್ದು ಆಗಲೇ.